ಮಾವನ ಗಣಕಕ್ಕೆ ಹೊಸ ಕಿಟಕಿ

ಕೆಟ್ಟುಹೋದ ಯಂತ್ರವನ್ನು ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿದೆ. ರಿಪೇರಿಗೆ ಕೊಡಬೇಕು, ರಿಪೇರಿಯವನು ಹೇಳುವ ವಾಯಿದೆಗಳನ್ನು ಒಂದೊಂದಾಗಿ ನಂಬಬೇಕು, ಕಡೆಗೆ ಬೇಸತ್ತು ಅಟ್ಟಕ್ಕೆ ಹಾಕಬೇಕು. ಆದರೆ ಏನೊಂದೂ ಕೆಡದೆ, ಕರೆದಾಗ ಎದ್ದು, ಆರಿಸಿದಾಗ ಮಲಗಿ, ಗುಂಡುಕಲ್ಲಿನಂತೆ ಆರೋಗ್ಯವಾಗಿರುವ ಯಂತ್ರವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಯಾವ ಶಾಸ್ತ್ರದಲ್ಲೂ ಉತ್ತರವಿದ್ದಂತಿಲ್ಲ. ಈ ಪ್ರಶ್ನೆ ನನ್ನೆದುರು ಬಂದು ನಿಂತದ್ದು ತೊಂಬತ್ತರ ದಶಕದ ನಡುವಿನಲ್ಲಿ, ನನ್ನ ಮಾವನ ಮನೆಯ ಪಡಸಾಲೆಯಲ್ಲಿ. ಅಂದು ನಾನು ಅಳಿಯನಾಗಿ ಗಳಿಸಿದ್ದ ಮರ್ಯಾದೆಯೆಲ್ಲ ಒಂದು ತೂಗುಯ್ಯಾಲೆಯಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ಜೀಕಿತು.

ಮಾವ ಪಂಪಣ್ಣನವರದು ಕಂಪ್ಲಿಯ ಹತ್ತಿರದ ಮೆಟ್ರಿ. ಕಾಲುವೆಯ ನೀರು ಹರಿದು, ಭತ್ತ ಬೆಳೆದು, ಮನೆಗೆ ಆರ್‌ಸಿಸಿ ಬಂದು, ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತ ಕಾಲದ ರೈತರು ಅವರು. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ಭತ್ತಕ್ಕೂ ನನಗೂ ಇದ್ದ ಸಂಬಂಧ ಊಟದೆಲೆಯ ಆಚೆಗೆ ಹೋದದ್ದಲ್ಲ. ಹಾಗಿದ್ದೂ ಮಾವ ನನ್ನನ್ನು ಗಣಕತಜ್ಞನೆಂದು ತಿಳಿದಿದ್ದರು. ಕಾಲೇಜಿನ ಕನ್ನಡ ಸಂಘದಲ್ಲಿ ನಾನೊಮ್ಮೆ 'ಗಣಕಯುಗದಲ್ಲಿ ಕನ್ನಡ' ಎಂಬ ಉಪನ್ಯಾಸ ಕೊಟ್ಟಿದ್ದೆ; ಅದನ್ನು ಕೇಳಲು ಅವರು ಮೊದಲ ಸಾಲಿನಲ್ಲಿ ಕೂತು, ಸುಖವಾಗಿ ನಿದ್ದೆ ಮಾಡಿ, ಎದ್ದು ಚಪ್ಪಾಳೆ ತಟ್ಟಿದ್ದರು. ಆ ಉಪನ್ಯಾಸ ಕೊಡುವ ಹೊತ್ತಿಗೆ ನಾನು ಗಣಕವನ್ನು ಬ್ಯಾಂಕಿನ ಕೌಂಟರಿನ ಈಚೆಯಿಂದ ನೋಡಿದ್ದೆನೇ ಹೊರತು ಮುಟ್ಟಿರಲಿಲ್ಲ.

ಮಾವ ಗಣಕ ಕೊಂಡ ಕಾರಣ ಬಹಳ ಸರಳ. ಕಂಪ್ಲಿಯ ಅಕ್ಕಿಗಿರಣಿಯೊಂದರಲ್ಲಿ ಅವರು ಭತ್ತ ಹಾಕಿ ರಸೀದಿಗೆ ಕಾಯುತ್ತಿದ್ದಾಗಲೆಲ್ಲ ಗುಮಾಸ್ತ, "ಕಂಪ್ಯೂಟರ್ ಇನ್ನಾ ಹೇಳಿಲ್ರಿ" ಎನ್ನುತ್ತಿದ್ದನಂತೆ. ಎಷ್ಟೋ ವರ್ಷಗಳಿಂದ ಭತ್ತ ಹಾಕುತ್ತ ಬಂದ ತಮ್ಮ ಮಾತಿಗಿಂತ ಮೂಲೆಯಲ್ಲಿ ಕೂತ ಪೆಟ್ಟಿಗೆಯ ಮಾತಿಗೆ ಬೆಲೆ ಬಂತಲ್ಲ ಎಂದು ಅವರಿಗೆ ಉರಿ. ಗಿರಣಿಯವರು ಹೊಸ ಗಣಕ ತರಿಸಿ ಹಳೆಯದನ್ನು ಮಾರಲು ಹೊರಟಾಗ ಮಾವ ಅದನ್ನೇ ಕೊಂಡು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ, ಅದರ ಮೇಲೆ ಮಲಗಿಸಿಕೊಂಡು ಊರಿಗೆ ತಂದರು. ತಂದ ಮೇಲೆ ಅದರಿಂದ ಏನು ಮಾಡಿಸಬೇಕೆಂದು ಅವರಿಗೆ ತಿಳಿಯಲಿಲ್ಲ. ಕಸೂತಿ ಹಾಕಿದ ಬಟ್ಟೆ ಹೊದಿಸಿದರು. ಆಯುಧಪೂಜೆಗೆ ವಿಭೂತಿ ಹಚ್ಚಿದರು.

ಕೆಲಸ ಹುಡುಕಿಕೊಟ್ಟವರು ಅತ್ತೆ ಈರಮ್ಮನವರು. ಅವರು ಹುಟ್ಟಾ ಗದ್ದೆಯ ಹೆಂಗಸು. ನಾಟಿಯಲ್ಲಿ ಅವರ ಸಾಲಿಗೆ ಸಾಲು ಕೊಡುವವರಿರಲಿಲ್ಲ ಎಂದು ಊರಿನವರು ಈಗಲೂ ಹೇಳುತ್ತಾರೆ. ಸ್ಥಿತಿ ಸುಧಾರಿಸಿ ಆಳುಗಳು ಬಂದ ಮೇಲೆ, ಗೌರವಸ್ಥರ ಮನೆಯ ಹೆಣ್ಣು ಕೆಸರಿಗಿಳಿಯಬಾರದೆಂದು ಮಾವ ಅವರನ್ನು ಒಳಗೆ ಕೂರಿಸಿದ್ದರು. ಕೆಲಸವಿಲ್ಲದ ಆ ಕೈಗಳಿಗೆ ಗಿರಣಿಯ ಗಣಕದೊಳಗಿದ್ದ ಒಂದು ಆಟ ಸಿಕ್ಕಿಬಿಟ್ಟಿತು. ಮೇಲಿಂದ ಬಗೆಬಗೆಯ ಆಕಾರದ ಇಟ್ಟಿಗೆಗಳು ಬೀಳುತ್ತವೆ. ಅವನ್ನು ತಿರುಗಿಸಿ, ಸರಿಸಿ, ಸಂದಿಲ್ಲದಂತೆ ಸಾಲು ತುಂಬಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ, ತುಂಬದಿದ್ದರೆ ರಾಶಿ ಬೆಳೆದು ನೆತ್ತಿ ಮುಟ್ಟಿ ಆಟ ಮುಗಿಯುತ್ತದೆ. ಸಾಲು ಹಿಡಿಯುವುದು ಯಾರಿಗೆ ಹೇಳಿಕೊಡುತ್ತೀರಿ! ಆಟದ ಕೊನೆಗೆ ಅತಿ ಹೆಚ್ಚು ಅಂಕ ಬಂದ ಹತ್ತು ಆಟಗಳ ಪಟ್ಟಿ, ಆಡಿದವರ ಹೆಸರಿನ ಸಮೇತ ಮೂಡುತ್ತಿತ್ತು. ಹತ್ತೂ ಕಡೆ ಗಿರಣಿಯ ಗುಮಾಸ್ತನ ಹೆಸರೇ ಇತ್ತು. ಕಂಪ್ಯೂಟರ್ ಯಾಕೆ ಇನ್ನೂ ಹೇಳಿರಲಿಲ್ಲ ಎಂಬುದು ಮಾವನಿಗೆ ಆಗ ಅರ್ಥವಾಯಿತು.

ಅತ್ತೆ ಅವನನ್ನು ಒಂದೊಂದೇ ಮೆಟ್ಟಿಲಿಂದ ಇಳಿಸುತ್ತ ಬಂದರು. ಆದರೆ ಗೆದ್ದವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಒತ್ತಬೇಕಿತ್ತು, ಅತ್ತೆಗೆ ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ. ಮಗಳು, ಅಂದರೆ ನನ್ನ ಹೆಂಡತಿ ಶಾರದಾ, ತವರಿಗೆ ಹೋದಾಗ ಅವರನ್ನು ಗೊಬ್ಬರದ ಚೀಲಗಳ ಮುಂದೆ ಕೂರಿಸಿಕೊಂಡಳು. ವರ್ಷಗಟ್ಟಲೆ ಎತ್ತಿ ಇಳಿಸಿ ಕಣ್ಣಿಗೆ ಪರಿಚಯವಾಗಿದ್ದ ಆ ಚೀಲಗಳೇ ಅವರ ಅಂಕಲಿಪಿಯಾದವು. ಯೂರಿಯಾ ಚೀಲದಿಂದ 'ಇ', 'ಆರ್' ಆರಿಸಿದರು. ಅಮೋನಿಯಂ ಚೀಲದ ಮೊದಲ ಮೂರು ಅಕ್ಷರ ಸೇರಿಸಿದರು. ಕೊನೆಗೆ ಇನ್ನೊಂದು 'ಎ'. ಹೀಗೆ ರಸಗೊಬ್ಬರದಿಂದ ಹುಟ್ಟಿದ 'ಈರಮ್ಮ' ಎಂಬ ಹೆಸರು ಆ ಪರದೆಯ ಮೇಲೆ ಹತ್ತೂ ಸಾಲಿನಲ್ಲಿ ಬೆಳೆದು ನಿಂತಿತು. ರೇಷನ್ ಕಾರ್ಡಿನಿಂದ ಪಹಣಿಯವರೆಗೆ ಎಲ್ಲೆಲ್ಲೂ ಹೆಬ್ಬೆಟ್ಟು ಒತ್ತಿದ್ದ ಅತ್ತೆ ತಮ್ಮ ಹೆಸರನ್ನು ತಾವೇ ಬರೆದದ್ದು ಅಲ್ಲೊಂದೇ ಕಡೆ.

ಹೀಗೆ ಎಲ್ಲವೂ ಸುಖವಾಗಿರುವಾಗ ಗಿರಣಿಯವರ ಹೊಸ ಗಣಕದಲ್ಲಿ ವಿಂಡೋಸ್ ತೊಂಬತ್ತೈದು ಎಂಬುದಿದೆಯೆಂದು ಮಾವನಿಗೆ ತಿಳಿಯಿತು. ತಮ್ಮದರಲ್ಲಿದ್ದದ್ದು ಕರಿಯ ಪರದೆಯ ಡಾಸ್. ಹೊಸಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತ ಮಾಡುತ್ತ ಗಣಕದ ರಿಪೇರಿಗೂ ಇಳಿದಿದ್ದ ಖಾಜಾ, ಹಳೆಯ ಗಣಕಕ್ಕೂ ಅದನ್ನು ಹಾಕಬಹುದು, ಸ್ವಲ್ಪ ತೆವಳುತ್ತದೆ ಅಷ್ಟೇ ಎಂದ. ಮಾವ ತಡಮಾಡದೆ ನಮ್ಮ ಪ್ರಾಂಶುಪಾಲರ ಕೋಣೆಗೆ ಫೋನು ಮಾಡಿ, ಮನೆಯಲ್ಲಿ ಆಪರೇಟಿಂಗ್ ಸಿಸ್ಟಂ ಬದಲಾಯಿಸುವುದಿದೆ, ಅಳಿಯಂದಿರನ್ನು ಕಳಿಸಿಕೊಡಿ ಎಂದು ವಿನಂತಿಸಿದರು. ಲೈನು ಗೊರಗುಟ್ಟುತ್ತಿತ್ತೋ, ಪ್ರಾಂಶುಪಾಲರ ಕಿವಿ ಮಂದವಾಗಿತ್ತೋ, ಅವರು ನನ್ನನ್ನು ಕರೆಸಿ ಹೆಗಲ ಮೇಲೆ ಕೈಯಿಟ್ಟು, ಮಾವನಿಗೆ ಆಪರೇಷನ್ನಂತೆ, ಧೈರ್ಯವಾಗಿರಿ ಎಂದು ರಜೆ ಮಂಜೂರು ಮಾಡಿದರು. ಶಾರದಾ ಕಂಪ್ಲಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು. ಮೆಟ್ರಿಯಲ್ಲಿ ಇಳಿದು ನೋಡಿದರೆ ಮಾವ ಅಂಗಳದಲ್ಲಿ ನಿಂತು ಟ್ರ್ಯಾಕ್ಟರಿಗೆ ನೀರು ಹಾಕುತ್ತಿದ್ದಾರೆ! ಸುದ್ದಿ ನಮಗಿಂತ ಮೊದಲೇ ಊರಲ್ಲಿ ಹಬ್ಬಿತ್ತೋ ಏನೋ, ಎದುರುಮನೆಯವರು ಎಳನೀರು ಹಿಡಿದುಕೊಂಡು ಬಂದರು. ನಾನು ಅದು ದೇಹಕ್ಕಲ್ಲ, ಗಣಕದ 'ಕಾರ್ಯಾಚರಣ ವ್ಯವಸ್ಥೆ'ಗೆ ಎಂದು ಶುದ್ಧ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರ ಮುಖದಲ್ಲಿ ಕನಿಕರ ಇನ್ನಷ್ಟು ಹೆಚ್ಚಿತು.

ಖಾಜಾ ಮರುದಿನ ಬೆಳಿಗ್ಗೆ ಡಬ್ಬಿ ತುಂಬ ಫ್ಲಾಪಿಗಳೊಂದಿಗೆ ಬಂದ. ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಅವನು ಗಣಕ ತೆರೆದು ನೋಡಿ, ಒಳಗೆ ಇರುವುದನ್ನೆಲ್ಲ ಅಳಿಸಿ, ತೊಳೆದು, ಆಮೇಲೆ ಹೊಸದನ್ನು ಹಾಕುತ್ತೇನೆಂದ. ಅಳಿಸಿದರೆ ಆಟವೂ ಹೋಗುತ್ತದೆಯೇ ಎಂದು ಶಾರದಾ ಕೇಳಿದಳು. ಆಟ ಬೇಕಾದರೆ ಮತ್ತೆ ತಂದು ಹಾಕಬಹುದು, ಹೆಸರುಗಳು ಮಾತ್ರ ಹೋಗುತ್ತವೆ ಎಂದ ಖಾಜಾ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿದ್ದ ರೊಟ್ಟಿಯ ಬುಟ್ಟಿಯನ್ನು ನಮ್ಮ ಮುಂದೆ ಇಡದೆ ಹಾಗೇ ಹಿಡಿದುಕೊಂಡರು.

ಮಾವನಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಹೊಸದು ಯಾವುದೇ ಬರಲಿ, ಮೆಟ್ರಿಯಲ್ಲಿ ಅದು ಮೊದಲು ತಮ್ಮ ಮನೆಗೆ ಬರಬೇಕೆಂಬುದು ಅವರ ವ್ರತ. "ಐಆರ್ ಎಂಟು ಭತ್ತ ಬಂದಾಗ ಮೊದಲ ಹಾಕಿದಾಂವ ನಾನು," ಎಂದು ಅವರು ಖಾಜಾನಿಗೆ ಹೇಳಿದರು. "ಊರ ಮಂದಿ ನಕ್ಕರು. ಮುಂದಿನ ವರ್ಷ ಬೀಜ ಕೇಳಾಕ ನಮ್ಮ ಬಾಗಲಿಗೇ ಬಂದ್ರು." ಐಆರ್ ಭತ್ತ ಎಂಟರಿಂದ ಅರವತ್ನಾಲ್ಕಕ್ಕೆ ಏರಿದ ಹಾಗೆ ಗಣಕದ ತಳಿಯೂ ತೊಂಬತ್ತೈದಕ್ಕೆ ಏರಿದೆ, ಅಂಕಿ ದೊಡ್ಡದಾದಷ್ಟೂ ಇಳುವರಿ ಜಾಸ್ತಿ ಎಂಬುದು ಅವರ ವಾದ. ಇಷ್ಟಾಗಿ, "ಅಳಿಯಂದ್ರು ಏನಂತೀರಿ?" ಎಂದು ನನ್ನ ಕಡೆ ತಿರುಗಿದರು.

ಓದುಗರೇ, ನೀವು ನನ್ನ ಜಾಗದಲ್ಲಿ ಕೂತು ನೋಡಬೇಕಿತ್ತು. ಎಡಗಡೆ ಹೆಣ್ಣು ಕೊಟ್ಟ ಮಾವ, ಬಾಗಿಲಲ್ಲಿ ರೊಟ್ಟಿ ಕೊಡಬೇಕಾದ ಅತ್ತೆ, ಪಕ್ಕದಲ್ಲಿ ಚಿವುಟಲು ಜಾಗ ಹುಡುಕುತ್ತ ನನ್ನ ಮೊಣಕೈಯನ್ನೇ ದಿಟ್ಟಿಸುತ್ತಿರುವ ಹೆಂಡತಿ. ಪರಂಪರೆ ಮತ್ತು ಆಧುನಿಕತೆಯ ಸಂಘರ್ಷದ ಬಗ್ಗೆ ಬಿ.ಎ. ವಿದ್ಯಾರ್ಥಿಗಳಿಗೆ ಪಿರಿಯಡ್ಡುಗಟ್ಟಲೆ ಬರೆಸಿದ್ದ ನಾನು ಅದರ ನಟ್ಟನಡುವೆ ಸಿಕ್ಕಿಬಿದ್ದಾಗ, ಎರಡೂ ಕಡೆ ಒಳಿತಿದೆ, ಎರಡೂ ಕಡೆ ಕೆಡುಕೂ ಇದೆ, ಸಮನ್ವಯದ ದೃಷ್ಟಿ ಬೇಕು ಎಂದೆ. ಖಾಜಾ, ಹಾಗಾದರೆ ಅಳಿಸಲೋ ಬೇಡವೋ ಎಂದು ಕೇಳಿದ. ನಾನು ನೀರು ಕುಡಿದೆ.

ಆಗ ಅತ್ತೆ ಬಾಯಿ ತೆರೆದರು. ಅಳಿಯನೊಡನೆಯಾಗಲಿ, ಹೊರಗಿನವರ ಮುಂದೆ ಗಂಡನೊಡನೆಯಾಗಲಿ ಅವರು ನೇರವಾಗಿ ಮಾತಾಡುವವರಲ್ಲ; ಹೇಳುವುದನ್ನೆಲ್ಲ ಮಗಳಿಗೆ ಹೇಳುತ್ತಾರೆ, ಉಳಿದವರು ಕೇಳಿಸಿಕೊಳ್ಳಬೇಕು.

"ಶಾರದಾ, ಐಆರ್ ಎಂಟು ಹಾಕಿದ ವರ್ಷ ಅನ್ನ ಹ್ಯಾಂಗಿತ್ತು ಅಂತ ನಿಮ್ಮಪ್ಪನ್ನ ಕೇಳು," ಎಂದರು.

ಮಾವ ಖಾಜಾನ ಫ್ಲಾಪಿಗಳನ್ನು ಎಣಿಸತೊಡಗಿದರು. ಅತ್ತೆಯೇ ಮುಂದುವರಿಸಿದ್ದರಿಂದ ವಿಷಯ ನಮಗೆ ತಿಳಿಯಿತು. ಚೀಲಗಟ್ಟಲೆ ಬೆಳೆದ ಆ ಭತ್ತದ ಅನ್ನ ಬಿಸಿಯಿದ್ದಾಗ ಒಂದು ತೆರ, ಆರಿದ ಮೇಲೆ ಕಲ್ಲು. ಮನೆಯ ಹೆಂಗಸರು, ಆಳುಗಳು ವರ್ಷವಿಡೀ ಅದನ್ನೇ ತಿಂದರು. ಮಾವ ಮಾತ್ರ ಆ ವರ್ಷ ವಾರಕ್ಕೊಂದು ನೆಪ ಹೂಡಿ ಹೊಸಪೇಟೆಗೆ ಹೋಗಿ ಖಾನಾವಳಿಯಲ್ಲಿ ಉಂಡು ಬರುತ್ತಿದ್ದರು.

"ಹೊಸಾದು ತರೋರು ಅವರು, ಅದನ್ನ ಉಣ್ಣೋರು ನಾವು," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಬ್ಯಾಡ ಅನ್ನಂಗಿಲ್ಲ. ಕೇಳಿ ತರ್ರಿ ಅಂತೀನಿ, ಅಷ್ಟ."

ನಾನು ಹೊಸತನದ ಬಗ್ಗೆ ಸಾಕಷ್ಟು ಚಿಂತಕರನ್ನು ಓದಿದ್ದೇನೆ. ಹೊಸತು ಒಳ್ಳೆಯದೋ ಕೆಟ್ಟದ್ದೋ ಎಂದು ಅವರೆಲ್ಲ ಜಗಳವಾಡಿದ್ದಾರೆ; ಹೊಸತನ್ನು ಆರಿಸುವವರು ಯಾರು, ಅದರ ಜೊತೆ ಬಾಳುವವರು ಯಾರು ಎಂಬ ಮಾತು ಆ ಪಡಸಾಲೆಯಲ್ಲಿ ಕೇಳುವವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ಮಾವ ಮೀಸೆಯ ತುದಿ ತಿಕ್ಕಿಕೊಂಡರು. ಆಮೇಲೆ, ಸೋನಾ ಮಸೂರಿ ಬಂದಾಗ ಈಕೆಯ ಮಾತಿನಂತೆ ಮೊದಲು ಒಂದೇ ಮಡಿಯಲ್ಲಿ ಹಾಕಿ, ಉಂಡು ನೋಡಿ, ಆಮೇಲೆ ಉಳಿದ ಗದ್ದೆಗೆ ಹಾಕಿದ್ದೆವು ಎಂದು ಒಪ್ಪಿಕೊಂಡು, ಖಾಜಾನನ್ನು ಕೇಳಿದರು: "ಹಂಗ ಇದನ್ನೂ ಒಂದು ಮಡಿಯಾಗ ಹಾಕಾಕ ಬರತೈತೇನು? ಉಳಿದಿದ್ದು ಹಂಗ ಇರಲಿ."

ಬರುತ್ತದೆ ಎಂದ ಖಾಜಾ. ಹಳೆಯದನ್ನು ಮುಟ್ಟದೆ ಹೊಸದನ್ನು ಬಾಜುವಿನಲ್ಲಿ ಹಾಕಬಹುದು, ಶುರು ಮಾಡಿದಾಗ ಯಾವುದು ಬೇಕೆಂದು ಗಣಕವೇ ಕೇಳುತ್ತದೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ನಾನು ತಜ್ಞನ ಗತ್ತಿನಲ್ಲಿ ಗದರಿದೆ. "ಯಾರೂ ಕೇಳಂಗಿಲ್ರಿ ಸರ್," ಎಂದ ಅವನು. "ಹಳೇದೂ ಇರಲಿ ಅಂದೋರು ಇವರೇ ಮೊದಲು." ಅತ್ತೆ ರೊಟ್ಟಿಯ ಬುಟ್ಟಿಯನ್ನು ನಮ್ಮ ನಡುವೆ ಇಟ್ಟರು. ಪುಂಡಿಪಲ್ಯವೂ ಬಂತು.

ಫ್ಲಾಪಿಗಳನ್ನು ಒಂದಾದ ಮೇಲೊಂದು ತುರುಕಿ ಮುಗಿಯುವಾಗ ಇಳಿಹೊತ್ತಾಗಿತ್ತು. ಹೊಸ ಕಿಟಕಿ ತೆರೆಯಿತು. ಅದರಲ್ಲಿ ಮೊದಲು ಕಂಡದ್ದು ನೀಲಿ ಆಕಾಶ, ಬಿಳಿ ಮೋಡ. ನೋಡಲು ಬಂದಿದ್ದ ನೆರೆಯವರು ಮರ್ಯಾದೆಗೆಂದು ಸ್ವಲ್ಪ ಹೊತ್ತು ನೋಡಿದರು. ಕಾಲುವೆ ನೀರು ನಂಬಿದ ಊರಲ್ಲಿ ಮೋಡಕ್ಕೆ ಅಂಥ ಗಿರಾಕಿಗಳಿರಲಿಲ್ಲ. ಬಂದವರು ಇನ್ನೇನಿದೆ ಎಂದು ಕೇಳಿದಾಗ ಮಾವ ಮೌಸನ್ನು ಮೇಜಿನ ಅಂಚಿನವರೆಗೂ ಓಡಿಸಿ, ಅದು ಮುಂದಕ್ಕೆ ಹೋಗಲು ಜಾಗವಿಲ್ಲದೆ, ಕಡೆಗೆ ಎತ್ತಿ ಗೋಡೆಯ ಮೇಲೆ ಉಜ್ಜಿದರು.

ಆರು ತಿಂಗಳ ನಂತರ ಸಂಕ್ರಾಂತಿಗೆ ನಾವು ಮತ್ತೆ ಮೆಟ್ರಿಗೆ ಹೋದೆವು. ಅತ್ತೆ ಆಡುವುದನ್ನು ನೋಡುತ್ತ ನಾನು ಹಿಂದೆ ಕೂತಿದ್ದೆ. ಅವರ ಬೆರಳುಗಳು ಕೀಲಿಗಳ ಮೇಲೆ ನಾಟಿ ಹಾಕುವಂತೆ ಓಡಾಡುತ್ತಿದ್ದವು. ಸಾಲಿನ ಮೇಲೆ ಸಾಲು ತುಂಬಿ ಮಾಯವಾಗುತ್ತಿತ್ತು. ಆಟ ಒಳ್ಳೆಯ ಭರದಲ್ಲಿದ್ದಾಗ ಅವರು ಇದ್ದಕ್ಕಿದ್ದಂತೆ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ಇಟ್ಟಿಗೆಗಳು ದಿಕ್ಕಿಲ್ಲದೆ ಬಿದ್ದು, ರಾಶಿಯಾಗಿ, ನೆತ್ತಿ ಮುಟ್ಟಿ ಆಟ ಮುಗಿಯಿತು. ಪರದೆಯ ಮೇಲೆ ಹತ್ತು ಹೆಸರು ಮೂಡಿದವು. ಒಂಬತ್ತರಲ್ಲಿ ಈರಮ್ಮ. ಹತ್ತನೆಯದು, ಎಲ್ಲಕ್ಕಿಂತ ಕೆಳಗಿನದು, ಪಂಪಣ್ಣ.

ಮೋಡಗಳಿಂದ ಬೇಸತ್ತ ಮಾವ, ಅತ್ತೆ ಕಂಪ್ಲಿಯ ಸಂತೆಗೆ ಹೋದ ದಿನಗಳಲ್ಲಿ ಹಳೆಯದನ್ನು ತೆರೆದು, ಬಾಗಿಲು ಮುಂದೆ ಮಾಡಿಕೊಂಡು, ಬೇಸಗೆಯ ಬೆಳೆಗೆ ಪಟ್ಟಷ್ಟೇ ಪಾಡುಪಟ್ಟು ಆ ಒಂದು ಸ್ಥಾನ ಗಳಿಸಿದ್ದರು. ಅತ್ತೆ ಇನ್ನೊಂದು ಸಾಲು ತುಂಬಿದ್ದರೆ ಅವರ ಅಂಕ ಮೇಲೇರಿ, ಕೆಳಗಿನ ಹೆಸರು ಪಟ್ಟಿಯಿಂದಾಚೆ ಬೀಳುತ್ತಿತ್ತು. ಕೈ ಯಾಕೆ ತೆಗೆದೆ ಎಂದು ಶಾರದಾ ಕೇಳಿದಾಗ ಅತ್ತೆ ನನ್ನ ಕಡೆ ನೋಡದೆ, "ಇನ್ನ ಆಡಿದ್ರ ಅವರು ಹೋಗ್ತಾರ," ಎಂದರು. ಗಂಡನ ಹೆಸರು ಹೇಳುವ ರೂಢಿ ಅವರಿಗಿಲ್ಲ.

ಅಷ್ಟರಲ್ಲಿ ಮಾವ ಒಳಗೆ ಬಂದು ಪರದೆ ನೋಡಿ, ತಮ್ಮ ಸಾಲು ಸ್ವಸ್ಥಾನದಲ್ಲಿರುವುದನ್ನು ಖಾತ್ರಿಪಡಿಸಿಕೊಂಡು, ಅಳಿಯನೆದುರು ಎದೆಯುಬ್ಬಿಸಿ, "ನಿನಗ ವಯಸ್ಸಾತು, ಕೈ ಓಡವಲ್ಲವು," ಎಂದು ಹೆಂಡತಿಗೆ ಹೇಳಿದರು.

"ಹೌದ್ರಿ," ಎಂದರು ಅತ್ತೆ. ಮತ್ತೆ ಮೊದಲಿಂದ ಆಟ ಶುರು ಮಾಡಿದರು.