ರ‍್ಯಾಂಪಿನ ಬೀಗ

ಗಾಲಿಕುರ್ಚಿಯವರು ಕಚೇರಿಯೊಳಗೆ ಹೋಗಲು ದಾರಿ ಇದೆಯೇ ಎಂದು ನೋಡಿ ಬರುವುದು ನನ್ನ ಕೆಲಸ. ಹಿರಿಯೂರು ಕಡೆಯ ಒಂದು ಕಚೇರಿಯಲ್ಲಿ ಭರ್ಜರಿ ರ‍್ಯಾಂಪ್ ಇತ್ತು. ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಜೊತೆಗೆ ಬಂದಿದ್ದ ರಂಗಮ್ಮ ಗಾಲಿಕುರ್ಚಿಯಲ್ಲಿ ಕೂತೇ ಅದನ್ನು ನೋಡಿದರು.

“ಬೀಗ ಯಾಕಪ್ಪ?” ಎಂದು ಜವಾನನನ್ನು ಕೇಳಿದೆ.

“ಕುರಿ ಹತ್ತಿ ಬರ್ತಾವ್ರಿ. ಹೂವಿನ ಗಿಡ ಎಲ್ಲಾ ಮೇಯ್ತಾವೆ.”

“ಬೀಗದ ಕೈ ಎಲ್ಲೈತೆ?”

“ಮಹಡಿ ಮೇಲೆ, ಸಾಹೇಬ್ರ ಹತ್ರ. ಯಾರಿಗೆ ಬೇಕೋ ಅವರೇ ಹೋಗಿ ಸೈನ್ ಮಾಡಿ ಇಸ್ಕಬೇಕು. ರೂಲ್ಸು.”

ಎಂಥ ಕಾಳಜಿ! ನಾನು ಮೆಚ್ಚಿ ತಲೆದೂಗುವಷ್ಟರಲ್ಲಿ ಒಂದಷ್ಟು ಕುರಿಗಳು ಪಕ್ಕದ ಮೆಟ್ಟಿಲು ಹತ್ತಿ ಆರಾಮಾಗಿ ಒಳಗೆ ಹೋದವು.

ರಂಗಮ್ಮ ಜವಾನನ ಕಡೆ ತಿರುಗಿದರು.

“ಹೆಂಗೂ ಮೇಲೆ ಹೊಂಟಾವೆ, ಬೀಗದ ಕೈ ತರಾಕೆ ಅವಕ್ಕೇ ಹೇಳಪ್ಪ.”