ಬಾಲ್ದಸ್ಸಾರೆ ಮೇಷ್ಟ್ರ ಮೆಚ್ಚಿನ ಪದ
ಜಿನೋವಾ ಬಂದರಿನ ನಮ್ಮ ಕಾಫಿ ಅಂಗಡಿಗೆ ಬಾಲ್ದಸ್ಸಾರೆ ಮೇಷ್ಟ್ರು ಬಂದರೆಂದರೆ ಯಾವುದಾದರೊಂದು ಪದದ ಜಾತಕ ಬಿಚ್ಚಿಕೊಂಡಿತೆಂದೇ ಲೆಕ್ಕ. ನಿವೃತ್ತ ಲ್ಯಾಟಿನ್ ಮೇಷ್ಟ್ರು. ಉಪ್ಪು ಕೇಳಿದರೂ ಆ ಪದದ ಮುತ್ತಜ್ಜನ ಹೆಸರು ಹೇಳಿಯೇ ಡಬ್ಬಿ ದಾಟಿಸುವವರು. ಅವರ ಮೆಚ್ಚಿನ ಪದ ‘ಎಕ್ಸೊನೆರಾರೆ’. “ಆರೋಪದಿಂದ ಬಿಡಿಸೋದು ಅನ್ನೋ ಅರ್ಥ ಆಮೇಲೆ ಬಂತು ಕಣ್ರಯ್ಯಾ. ‘ಓನುಸ್’ ಅಂದ್ರೆ ಹೊರೆ. ಹಡಗಿಂದ ಸರಕು ಇಳಿಸೋದಕ್ಕೂ ಇದನ್ನೇ ಅನ್ನೋರು. ನಿಮ್ಮ ಕಸುಬಿನ ಪದ ಅದು!” ಎಂದರೆ ನಾವು ಹಮಾಲರು ಎದೆಯುಬ್ಬಿಸುತ್ತೇವೆ. “ಹಂಗಾದ್ರೆ ದಿನಾ ಎಷ್ಟು ಹಡಗನ್ನ ನಿರಪರಾಧಿ ಮಾಡ್ತೀವಿ ನೋಡಿ ಮೇಷ್ಟ್ರೇ!” ಎಂದು ಯಾರಾದರೂ ಕಿಚಾಯಿಸುತ್ತಾರೆ. ನಲವತ್ತು ವರ್ಷದ ಹಿಂದೆ, ಪ್ರಶ್ನೆಪತ್ರಿಕೆ ಕದ್ದನೆಂದು, ಈಗ ನಮ್ಮ ಜೊತೆ ಬಂದರಿನಲ್ಲೇ ದುಡಿಯುವ ಎಲ್ವಿಯೊನನ್ನು ಇದೇ ಮೇಷ್ಟ್ರು ಶಾಲೆಯಿಂದ ಹೊರಹಾಕಿಸಿದ್ದರು. ಮೊನ್ನೆ ನಿಜವಾಗಿ ಕದ್ದವನೇ ಮೇಷ್ಟ್ರಿಗೆ ಕಾಗದ ಬರೆದು ಒಪ್ಪಿಕೊಂಡ. ಎಂಬತ್ತರ ಮೇಷ್ಟ್ರು ಕಾಗದ ಸಿಕ್ಕ ಬೆಳಿಗ್ಗೆಯೇ, ಎಲ್ವಿಯೊ ನಡೆಸುವ ಕ್ರೇನಿನ ನೂರಿಪ್ಪತ್ತು ಮೆಟ್ಟಿಲನ್ನು ಏದುಸಿರು ಬಿಡುತ್ತ ಹತ್ತಿದರು. “ನೀನು ಕದ್ದಿರ್ಲಿಲ್ಲ ಕಣೋ. ತಪ್ಪು ನಂದು,” ಎಂದರು. ಎಲ್ವಿಯೊ ಅವರನ್ನು ತನ್ನ ಸೀಟಿನಲ್ಲಿ ಕೂರಿಸಿ ನೀರು ಕೊಟ್ಟ. ಅವರು ಕುಡಿದು ಮುಗಿಸಿದ ಮೇಲೆ, “ಇದನ್ನ ನಮ್ಮಮ್ಮನಿಗೂ ಹೇಳ್ತೀರಾ ಮೇಷ್ಟ್ರೇ?” ಎಂದು ಕೇಳಿದ. ಮಧ್ಯಾಹ್ನವೇ ಇಬ್ಬರೂ ಹೋದರು. ಮುದುಕಿ ಪೂರ್ತಿ ಕೇಳಿಸಿಕೊಂಡು, “ನಂಗೆ ಅವತ್ತೇ ಗೊತ್ತಿತ್ತು. ಸೂಪು ಆರೋಗ್ತಿದೆ, ಬಂದು ಕೂತ್ಕೊಳ್ಳಿ,” ಎಂದಳು.