ಹಡಗಿನ ಬಾವುಟ, ಮನೆಯ ವಿಳಾಸ

ಭದ್ರಾವತಿಗೆ ಬಂದ ಮೊದಲ ವಾರ ನನ್ನನ್ನು ಹೆದರಿಸಿದ್ದು ಇಲ್ಲಿನ ಹೊಳೆ. ಬೆಳಿಗ್ಗೆ ಸೇತುವೆಯ ಮೇಲೆ ನಿಂತು ನೋಡಿದೆ, ಸಂಜೆ ಬಂದು ನೋಡಿದೆ. ನೀರು ಒಂದೇ ಕಡೆಗೆ ಹೋಗುತ್ತಿತ್ತು. ಹೊನ್ನಾವರದವರಾದ ನಿಮಗೆ ನನ್ನ ಗಾಬರಿ ಅರ್ಥವಾಗುತ್ತದೆ. ನಮ್ಮ ಶರಾವತಿ ದಿನಕ್ಕೆರಡು ಸಲ ಕಡಲಿಗೆ ಹೋಗುತ್ತದೆ, ಎರಡು ಸಲ ಕಡಲುಕ್ಕುವ ಭರತದೊಂದಿಗೆ ಹಿತ್ತಿಲವರೆಗೆ ವಾಪಸು ಬರುತ್ತದೆ. ಭದ್ರೆ ಹೋದರೆ ಹೋದಳು. ಅದೂ ನಮ್ಮ ಕಡಲಿಗಲ್ಲ, ಮೂಡಣ ಕಡಲಿಗೆ.

ನನ್ನ ಗಂಡ ಗಣಪತಿ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದುದು ನಿಮಗೆ ಗೊತ್ತು. ಹಡಗು ದೂರದ ಕಡಲಿನಲ್ಲಿ ಮುಳುಗಿತು. ಉಳಿದವರನ್ನು ಇನ್ನೊಂದು ಹಡಗು ಎತ್ತಿಕೊಂಡಿತು. ಇವರೂ ಇನ್ನಿಬ್ಬರೂ ಸಿಗಲಿಲ್ಲ. ಕಂಪನಿಯ ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಎಂದಷ್ಟೇ ಇತ್ತು. ಆ ಕಾಗದ ಹಿಡಿದುಕೊಂಡು ಒಂದು ವರ್ಷ ನಮ್ಮ ಮನೆಯಲ್ಲೇ ಕುಳಿತೆ. ಆಮೇಲೆ ಇವರ ತಂಗಿ ಶಾರದಾ ಬಂದು, ಹೊಲಿಗೆ ಯಂತ್ರದ ಸಮೇತ ನನ್ನನ್ನು ಘಟ್ಟ ಹತ್ತಿಸಿದಳು. ಅದಾಗಿ ಎರಡು ವರ್ಷ.

ಶಾರದಾಳ ಮನೆ ಇರುವುದು ಹಳೆಯ ಕ್ವಾಟ್ರಸ್ಸಿನಲ್ಲಿ. ಕಾರ್ಖಾನೆಯ ನೌಕರರಿಗೆಂದು ಸಾಲಾಗಿ ಕಟ್ಟಿದ ಮನೆಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ಒಂದು ಮನೆಯ ಕುಕ್ಕರ್ ಕೂಗಿದರೆ ಮೂರು ಮನೆಯವರು ಎದ್ದು ಒಲೆ ನೋಡುತ್ತಾರೆ. ಎಡಗಡೆಯವರು ತಮಿಳು, ಬಲಗಡೆಯವರು ತೆಲುಗು, ನಲ್ಲಿಯ ಹತ್ತಿರ ಎಲ್ಲರದ್ದೂ ಕನ್ನಡ. ನಮ್ಮ ಬಂಗಡೆ ಮೀನು ಇಲ್ಲಿಗೂ ಬರುತ್ತದೆ, ಐಸಿನಲ್ಲಿ ಮಲಗಿ. ಅದರ ಕಣ್ಣು ನೋಡಿದರೆ ಊರು ಬಿಟ್ಟು ಎಷ್ಟು ದಿನವಾಯಿತೆಂದು ಹೇಳಬಲ್ಲೆ. ಮೊದಮೊದಲು ಅದನ್ನು ತೊಳೆಯುವಾಗಲೆಲ್ಲ ಅಳು ಬರುತ್ತಿತ್ತು. ಈಗ ಹುಣಸೆ ಸ್ವಲ್ಪ ಹೆಚ್ಚು ಹಾಕುತ್ತೇನೆ.

ಪರವಾಗಿಲ್ಲ ಎನ್ನುವಲ್ಲೆಲ್ಲ 'ಅಡ್ಡಿಲ್ಲ' ಎನ್ನುವ ನನ್ನ ಮಾತು ಇಲ್ಲಿಯವರಿಗೆ ತಮಾಷೆ. ಸೆಲ್ವಿ ಎಂಬ ಪಕ್ಕದ ಮನೆಯಾಕೆ ಒಂದು ದಿನ ಕೇಳಿಯೇಬಿಟ್ಟಳು: "ನೀರು ಬರ್ಲಿಲ್ಲ ಅಂದ್ರೂ ಅಡ್ಡಿಲ್ಲ, ಕರೆಂಟ್ ಹೋದ್ರೂ ಅಡ್ಡಿಲ್ಲ. ಯಾವುದಕ್ಕಾದ್ರೂ ಅಡ್ಡಿ ಇದೆಯಾ ಮಾರಾಯ್ತಿ ನಿಂಗೆ?"

ಒಂದಕ್ಕಿತ್ತು. ಆಧಾರ್ ಕಾರ್ಡಿನಲ್ಲಿ ವಿಳಾಸ ಬದಲಿಸಲು ನಾನು ಒಪ್ಪಿರಲಿಲ್ಲ.

"ಅತ್ತಿಗೆ, ರೇಷನ್ನಿಗೂ ಆಸ್ಪತ್ರೆಗೂ ಎಲ್ಲಾ ಕಡೆ ತೊಂದ್ರೆ ಆಗ್ತಿದೆ. ಅಡ್ರೆಸ್ ಚೇಂಜ್ ಮಾಡ್ಸಣ" ಎಂದು ಶಾರದಾ ನಾಲ್ಕೈದು ಸಲ ಹೇಳಿದಳು. ನಾನು ಪಾತ್ರೆ ಉಜ್ಜುತ್ತಿದ್ದೆ. ಇವರು ಬಂದರೆ ಹೊನ್ನಾವರದ ಮನೆಗೆ ತಾನೆ ಬರುತ್ತಾರೆ? ಅವಳೆದುರು ಅದನ್ನು ಬಾಯಿಬಿಟ್ಟು ಹೇಳಲಾರೆ. ಅವಳು ಕಳೆದುಕೊಂಡದ್ದೂ ಅಣ್ಣನನ್ನೇ.

ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ದುರ್ಗಿಗುಡಿಯ ಇಬ್ರಾಹಿಂ ಮಾಸ್ಟರರ ಅಂಗಡಿಯಲ್ಲಿ ಹೊಲಿಯುತ್ತೇನೆ. ಈ ವರ್ಷ ಕಾನೂನು ಕಾಲೇಜೊಂದರಿಂದ ಅಲ್ಲಿಗೆ ಒಂದು ಹೊಸ ಕೆಲಸ ಬಂತು. ಮಕ್ಕಳು ಅಂತರರಾಷ್ಟ್ರೀಯ ನ್ಯಾಯಾಲಯದ ಹಾಗೆ ಅಣಕು ವಿಚಾರಣೆ ನಡೆಸುತ್ತಾರಂತೆ, ಅದಕ್ಕೆ ಹನ್ನೆರಡು ದೇಶಗಳ ಬಾವುಟ ಬೇಕು. ಮಾಸ್ಟರು ಒಂದು ಚಿತ್ರವನ್ನು ನನ್ನ ಕಡೆ ಸರಿಸಿದರು.

"ಪಟ್ಟೆಪಟ್ಟೆ ಇರೋದೆಲ್ಲಾ ನಾನ್ ಮಾಡ್ತೀನಿ. ಈ ಹಕ್ಕಿ ನೀವೇ ಮಾಡಮ್ಮ. ನನ್ ಕೈಗೆ ಸಿಕ್ರೆ ಕೋಳಿ ಆಗೋಗುತ್ತೆ."

ನೀಲಿ ಬಟ್ಟೆಯ ಮೇಲೆ ಒಂದು ಬಿಳಿ ಹಕ್ಕಿ. ಕತ್ತರಿ ಕೈಯಲ್ಲೇ ನಿಂತಿತು. ಇವರು ಕೊನೆಯದಾಗಿ ಕಳಿಸಿದ ಫೋಟೋದಲ್ಲಿ, ಹಡಗಿನ ಹಿಂಬದಿಯಲ್ಲಿ ಇವರ ತಲೆಯ ಮೇಲೆ ಹಾರುತ್ತಿದ್ದ ಬಾವುಟ ಅದೇ.

ನಮ್ಮಲ್ಲಿ ದೋಣಿಯ ಬಾವುಟ ನೋಡಿದರೆ ಅದು ಯಾರ ಮನೆಯ ದೋಣಿ ಎಂದು ತಿಳಿಯುತ್ತದೆ. ಹಡಗಿನದ್ದೂ ಹಾಗೆಯೇ ಎಂದು ನಾನು ತಿಳಿದುಕೊಂಡಿದ್ದೆ. ನಮ್ಮವರು ಆ ದೇಶದಲ್ಲಿದ್ದಾರೆ ಎಂದು ನಿಮಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ದೇಶ ಹೇಗಿದೆ ಎಂದು ಇವರನ್ನು ಫೋನಿನಲ್ಲಿ ಕೇಳಿದಾಗ, "ನೋಡಿದವ್ರು ಹಡಗಲ್ಲಿ ಒಬ್ರೂ ಇಲ್ಲ" ಎಂದು ನಕ್ಕಿದ್ದರು.

ಬಾವುಟದಲ್ಲಿ ಹಕ್ಕಿಯ ಕೊಕ್ಕು ಕೋಲಿನ ಕಡೆಗಿರಬೇಕಂತೆ. ಗಾಳಿ ಎತ್ತ ಬೀಸಿದರೂ ಅದು ಗಾಳಿಗೆ ಎದುರಾಗಿ ಕೋಲಿನತ್ತಲೇ ಮರಳುತ್ತಿರುವಂತೆ ಕಾಣುತ್ತದೆ. ಎರಡು ಸಲ ಬಿಚ್ಚಿ ಹೊಲಿದೆ.

ಒಯ್ಯಲು ಬಂದ ಕಾಲೇಜಿನ ಮೇಡಂ ಹಕ್ಕಿಯನ್ನು ಹೊಗಳಿದರು. ಮಾಸ್ಟರು ಸುಮ್ಮನಿರಲಿಲ್ಲ. "ಇವ್ರ ಯಜಮಾನ್ರು ಈ ಬಾವುಟದ ಹಡಗಲ್ಲೇ ಹೋದ್ರು ಮೇಡಂ. ಏನಾಯ್ತು ಅಂತ ಒಬ್ನೂ ಹೇಳ್ತಿಲ್ಲ" ಎಂದುಬಿಟ್ಟರು. ಮೇಡಂ ಬಾವುಟವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಯಾರ್ಯಾರನ್ನ ಕೇಳಿದ್ರಿ?"

ಹಡಗಿನ ಒಡೆಯರು ಒಂದು ದೇಶದವರು, ನಡೆಸುವವರು ಇನ್ನೊಂದು ದೇಶದವರು, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು ಎಂದೆ.

"ಬಾವುಟದ ದೇಶವನ್ನ?"

"ಹಡಗು ಒಮ್ಮೆಯೂ ಹೋಗದ ದೇಶವನ್ನು ಎಂತಕ್ಕೆ ಕೇಳೂದು?"

"ನಮ್ ಮಕ್ಳು ನಾಳೆ ಜಗಳ ಆಡೋದೂ ಅದ್ರ ಮೇಲೇನೆ" ಎಂದರು ಮೇಡಂ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮೂರಿನಿಂದ ಇನ್ನೂ ಹಡಗು ಹತ್ತುವವರಿದ್ದಾರೆ, ಅವರಿಗೆ ಬೇಕಾದೀತು. ನಡುಗಡಲಿನಲ್ಲಿ ಹಡಗಿನ ಮೇಲೆ ನಡೆಯುವುದು ಬಾವುಟದ ದೇಶದ ಕಾನೂನು. ಹಡಗು ಮುಳುಗಿ ಜೀವ ಹೋದರೆ ವಿಚಾರಣೆ ಮಾಡಿಸಬೇಕಾದದ್ದೂ ಆ ದೇಶವೇ. ದೇಶಗಳು ಸೇರಿ ಮಾಡಿಕೊಂಡ ಕಡಲ ಒಪ್ಪಂದದಲ್ಲಿ, ಹಡಗಿಗೂ ಬಾವುಟಕ್ಕೂ ನಿಜವಾದ ಸಂಬಂಧ ಇರಬೇಕು ಎಂದಿದೆ. ಯಾವುದು ನಿಜವಾದದ್ದು ಎಂದು ಮಾತ್ರ ಬರೆದಿಲ್ಲ. ಈಗೀಗ ಆಗಾಗ ಬಾವುಟ ಬದಲಿಸುವ, ಸುಳ್ಳು ಬಾವುಟ ಹಾರಿಸುವ ಹಡಗುಗಳು ಹೆಚ್ಚಾಗಿ, ಹಳೆಯ ಆ ವಾದ ಮತ್ತೆ ಬಿಸಿಯಾಗಿದೆಯಂತೆ. ಒಡೆಯನೂ ಆ ದೇಶದವನೇ ಆಗಿರಬೇಕು ಎಂದು ಕೆಲವರು ಹೇಳುತ್ತಾರೆ. ಎಲ್ಲಿಯವನಾದರೂ ಆಗಲಿ, ಹಡಗನ್ನು ತಪಾಸಣೆ ಮಾಡಿ ಅದರಲ್ಲಿರುವ ಜೀವಗಳಿಗೆ ಹೊಣೆಯಾದರೆ ಅದೇ ಸಂಬಂಧ ಎಂದು ಇನ್ನು ಕೆಲವರು ಹೇಳುತ್ತಾರೆ. ನಾವಿಕರ ಸಾವನ್ನು ಸರಿಯಾಗಿ ವಿಚಾರಿಸಿ ದಾಖಲಿಸಬೇಕೆಂಬ ನಿಯಮವನ್ನು, ನಾವಿಕರ ಕೆಲಸದ ಬಗೆಗಿನ ಇನ್ನೊಂದು ಒಪ್ಪಂದಕ್ಕೆ ಈಚೆಗೆ ಸೇರಿಸಿದ್ದಾರೆ. ನಿಯಮವಿದ್ದೂ ಮಾಡದ ದೇಶವನ್ನು ಏನು ಮಾಡಬೇಕೆಂಬುದು ಇನ್ನೂ ವಾದದಲ್ಲೇ ಇದೆಯಂತೆ.

"ಆದ್ರೆ ಕೇಳೋ ಹಕ್ಕು ನಿಮಗಿದೆ" ಎಂದು ಅಲ್ಲೇ ಇಂಗ್ಲಿಷಿನಲ್ಲಿ ಅರ್ಜಿ ಬರೆಯತೊಡಗಿದರು. ಹಡಗಿನ ಹೆಸರು, ಇವರ ಹೆಸರು, ನನ್ನ ಹೆಸರು. ಆಮೇಲೆ ತಲೆ ಎತ್ತಿ, "ಉತ್ತರ ಯಾವ ಅಡ್ರೆಸ್ಸಿಗೆ ಬರ್ಬೇಕಮ್ಮ?" ಎಂದರು.

ಮೂರು ವರ್ಷದಿಂದ ಯಾರು ಕೇಳಿದರೂ ಹೊನ್ನಾವರ ಎನ್ನುತ್ತಿದ್ದೆ. ಅಲ್ಲಿ ಬೀಗ ಹಾಕಿದೆ. ಬಾಗಿಲ ಸಂದಿಯಲ್ಲಿ ತೂರಿಸಿದ ಕಾಗದ ಮಳೆಗಾಲದಲ್ಲಿ ಮುದ್ದೆಯಾಗುತ್ತದೆ. ಇವರಿಗೆ ಏನಾಯಿತು ಎಂಬ ಒಂದು ಕಾಗದ ಈ ಲೋಕದಲ್ಲಿ ಎಲ್ಲಾದರೂ ಇದ್ದರೆ, ಅದು ನೆನೆಯಬಾರದು. ಬಸ್ಸು ತಡವಾದರೆ ಸ್ಟ್ಯಾಂಡಿಗೇ ಬಂದು ನಿಲ್ಲುವ ಶಾರದಾ ನೆನಪಾದಳು.

"ಭದ್ರಾವತಿ ಅಂತ ಬರೀರಿ" ಎಂದೆ. ಮನೆ ನಂಬರನ್ನೂ ಹೇಳಿದೆ.

"ಅವ್ರದ್ದು?"

"ಅವರದ್ದು ಹೊನ್ನಾವರ."

ಮೇಡಂ ಹಾಗೆಯೇ ಬರೆದರು. ಒಂದೇ ಕಾಗದದಲ್ಲಿ ಗಂಡ ಹೆಂಡತಿಗೆ ಎರಡು ಊರು. ಮಾಸ್ಟರು ಯಂತ್ರ ನಿಲ್ಲಿಸಿ ಹೊರಗೆ ಹೋಗಿ ಟೀ ತಂದರು.

ಸಂಜೆ ಶಾರದಾಳಿಗೆ ಹೇಳಿದೆ. ಇಪ್ಪತ್ತು ವರ್ಷದಿಂದ ಇಲ್ಲಿಯವರ ಹಾಗೆಯೇ ಮಾತಾಡುವ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಅಡ್ಡಿಲ್ಲ ಅತ್ತಿಗೆ" ಎಂದಳು.

ಉತ್ತರ ಇನ್ನೂ ಬಂದಿಲ್ಲ. ಅಂಚೆಯವರ ಗಾಡಿಯ ಶಬ್ದವಾದರೆ ಈಗ ಭದ್ರಾವತಿಯ ಬಾಗಿಲಿಗೆ ಬರುತ್ತೇನೆ. ಮುಂದಿನ ವಾರ ಆಧಾರ್ ಕಾರ್ಡಿನ ವಿಳಾಸವನ್ನೂ ಬದಲಿಸುತ್ತೇವೆ. ಆದರೆ ಹೊನ್ನಾವರದ ನಮ್ಮ ಮನೆಯ ಇನ್ನೊಂದು ಬೀಗದ ಕೈಯನ್ನು, ಇವರು ಕೈ ಹಾಕಿದರೆ ಸಿಗುವ ಹಾಗೆ, ಹಿಂದಿನ ಮಾಡಿನ ಹಂಚಿನ ಕೆಳಗೆ ಇಟ್ಟು ಬಂದಿದ್ದೇನೆ. ಹಂಚು ಸರಿಪಡಿಸುವಾಗ ನಿಮ್ಮಲ್ಲಿ ಯಾರ ಕಣ್ಣಿಗಾದರೂ ಅದು ಬಿದ್ದರೆ, ಇದ್ದಲ್ಲೇ ಇರಲಿ ಬಿಡಿ.